ಅಕ್ಕಿಮಿಲ್ಲಿನಲ್ಲಿ ಅಕ್ಷತೆ

ಮದುವೆಗೆಂದೇ ಒಂದು ಕಟ್ಟಡ ಬೇಕೆಂಬ ಪದ್ಧತಿ ನಮ್ಮ ಕಡೆ ಹಿಂದೆ ಇರಲಿಲ್ಲ. ಮನೆಯಂಗಳಕ್ಕೆ ಚಪ್ಪರ ಹಾಕಿದರೆ ಅದೇ ಮಂಟಪ. ಬೇಸಿಗೆ ರಜೆಯಲ್ಲಿ ಶಾಲೆಯ ಬೆಂಚುಗಳನ್ನು ಗೋಡೆಗೆ ಸರಿಸಿದರೆ ಅದೇ ದಿಬ್ಬಣದವರ ಬಿಡಾರ. ರಜೆ ಮುಗಿದು ಬಾಗಿಲು ತೆರೆದಾಗ, ಅಡಿಗೆಯವರು ಕರಿಹಲಗೆಯ ಮೇಲೆ ಬರೆದ ತೆಂಗಿನಕಾಯಿಯ ಲೆಕ್ಕವನ್ನು ನಾನೇ ಒರೆಸಿದ್ದುಂಟು. ಹಾಗಾಗಿ ನೆಂಟರ ಹುಡುಗಿಯೊಬ್ಬಳ ಮದುವೆ ಉಡುಪಿ ಕಡೆಯ ಹಳೆಯ ಅಕ್ಕಿಮಿಲ್ಲಿನಲ್ಲಿ ಎಂದಾಗ ಮೂಗು ಮುರಿದವರ ಜೊತೆ ನಾನು ಸೇರಲಿಲ್ಲ. ನನ್ನ ತಕರಾರು ಬೇರೆಯದು.

ಕುಚ್ಚಲಕ್ಕಿ ಮಿಲ್ಲು ಮದುವೆಗೆ ಹೇಳಿಮಾಡಿಸಿದಂಥ ಜಾಗ. ಭತ್ತ ನೆನೆಸುವುದಕ್ಕೆ ತೊಟ್ಟಿ, ಬೇಯಿಸುವುದಕ್ಕೆ ಒಲೆಯ ಕಡೆ, ಒಣಗಿಸುವುದಕ್ಕೆ ಊರಗಲದ ಅಂಗಳ, ಆಮೇಲೆ ಯಂತ್ರದ ಮನೆ. ನೀರು, ಬೆಂಕಿ, ಬಯಲು ಮೂರೂ ಇವೆ. ಅಡಿಗೆಯವರಿಗೆ ಇನ್ನೇನು ಬೇಕು? ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಎಷ್ಟೋ ಗೋದಾಮು, ಗಿರಣಿ, ಶಾಲೆಗಳನ್ನು ಮಳೆಯಿಂದ ಕಾದದ್ದು ಈ ಹೆಂಚೇ. ಎತ್ತರದ ಮಾಡು, ಬಿಸಿಗಾಳಿ ಹೆಂಚಿನ ಸಂದಿಗಳಿಂದ ತಾನಾಗಿ ಹೊರಗೆ ಹೋಗುತ್ತದೆ. ಅಲ್ಲಲ್ಲಿ ಕೂರಿಸಿದ ಗಾಜಿನ ಹೆಂಚಿನಿಂದ ಬೆಳಕು. ಹೋಮದ ಹೊಗೆಗೂ ಇಂಥದೇ ಸೂರು ಬೇಕು. ಕಲ್ಯಾಣಮಂಟಪಗಳ ಕಾಂಕ್ರೀಟು ಪೆಟ್ಟಿಗೆಯೊಳಗೆ ಕಣ್ಣುಜ್ಜಿಕೊಂಡು ಕೂತವರಿಗೆ ಅದರ ಬೆಲೆ ಗೊತ್ತು.

ಆದರೆ ಮಿಲ್ಲನ್ನು ಮದುವೆಮನೆಯಾಗಿಸಿದವರು ಮೊದಲು ಮಾಡಿದ ಕೆಲಸ ಹೆಂಚಿನ ಕೆಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಹೊಡೆಸಿ ಎಸಿ ಕೂರಿಸಿದ್ದು. ಗಾಜಿನ ಹೆಂಚು ಈಗ ಕಾಗೆಗಳಿಗೆ ಬೆಳಕು ಕೊಡುತ್ತಿರಬೇಕು. ಹೊಗೆ ಎಸಿಗೆ ಆಗದೆಂದು ಪುರೋಹಿತರಿಗೆ ತುಪ್ಪ ಕಡಿಮೆ ಹಾಕಿ ಎಂದು ತಾಕೀತು. ಹಳೆಯ ಕಟ್ಟಡ ಬೇಕು, ಆದರೆ ಅದರ ಬುದ್ಧಿವಂತಿಕೆ ಬೇಡ!

ಲಾರಿಗೆ ಮೂಟೆ ಏರಿಸುತ್ತಿದ್ದ ಎತ್ತರದ ಜಗಲಿಯೇ ಈಗ ವೇದಿಕೆ. ಫೋಟೋದವರಿಗೆ ಬಹಳ ಮೆಚ್ಚಿಗೆಯಾಯಿತು. ಮದುಮಗಳ ಅಜ್ಜಿಯನ್ನು ಮಾತ್ರ ಇಬ್ಬರು ಹುಡುಗರು ಕುರ್ಚಿಯ ಸಮೇತ ಎತ್ತಬೇಕಾಯಿತು. ಎರಡು ಮೆಟ್ಟಿಲು ಕಟ್ಟಿಸಲು ಎಷ್ಟು ಸಿಮೆಂಟು ಬೇಕು? ಹೆಂಗಸರ ಪಾಯಿಖಾನೆ ಎರಡೇ ಎರಡು. ಧಾರೆಯ ಹೊತ್ತಿಗೆ ಅರ್ಧ ಹೆಂಗಸರು ಅಲ್ಲಿ ಸಾಲಿನಲ್ಲಿದ್ದರು. ಕಟ್ಟಡ ಗೊತ್ತುಮಾಡುವಾಗ ಮನೆಯ ಗಂಡಸರು ನೋಡಿಬಂದದ್ದು ಪಾರ್ಕಿಂಗನ್ನು.

ಊಟ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಂಗಳದಲ್ಲಿ ಚಪ್ಪರದಡಿ ಪಂಕ್ತಿ. ನೀರು ನಿಲ್ಲದಿರಲೆಂದು ಇಳಿಜಾರಾಗಿ ಮಾಡಿದ ಆ ನೆಲದಲ್ಲಿ ಸಾರು ಎಲೆಯಿಂದ ಒಂದೇ ಕಡೆಗೆ ಹರಿಯುತ್ತಿತ್ತು, ಮಕ್ಕಳಿಗೆ ಅದೊಂದು ಆಟ.

ಬಾಗಿಲ ಬಳಿ ಹಳೆಯ ಚಕ್ರಕ್ಕೂ ಬೆಲ್ಟಿಗೂ ಬಣ್ಣ ಬಳಿದು ದೀಪ ಹಾಕಿದ್ದಾರೆ. ಗೋಡೆಯ ಮೇಲೆ ಮಿಲ್ಲು ಕಟ್ಟಿಸಿದ ಯಜಮಾನರ, ಯಂತ್ರದ, ಮೊದಲ ಲಾರಿಯ ಪಟಗಳು. ಎಂಜಲೆಲೆ ಎತ್ತುತ್ತಿದ್ದ ಮುದುಕಿಯೊಬ್ಬಳು, ಪ್ರಾಯದಲ್ಲಿ ತಾನು ಇದೇ ಅಂಗಳದಲ್ಲಿ ಬೆಂದ ಭತ್ತವನ್ನು ಕಾಲಿನಿಂದ ತಿರುವುತ್ತಿದ್ದೆ, ಬಿಸಿಲಿಗೆ ಅಂಗಾಲು ಸುಡುತ್ತಿತ್ತು ಎಂದಳು. ಮಳೆ ಬಂತೆಂದರೆ ಉಣ್ಣುತ್ತಿದ್ದದ್ದನ್ನು ಬಿಟ್ಟು ಓಡಿಬಂದು ರಾಶಿ ಮಾಡಬೇಕಿತ್ತಂತೆ. ಅವಳ ಜೊತೆ ಹತ್ತು ಹನ್ನೆರಡು ಹೆಂಗಸರಿದ್ದರಂತೆ. ಆ ಪಟಗಳ ಸಾಲನ್ನು ನಾನು ಎರಡು ಸಲ ನೋಡಿದೆ. ಅವರಲ್ಲಿ ಒಬ್ಬಳೂ ಇರಲಿಲ್ಲ.