ಇಳಿಯುವ ಮುನ್ನದ ಕೊನೆಯ ತಿರುವು

ವುಲ್ಫ್‌ಗಾಂಗ್ ಲಾಂಗವೀಶೆ 1944ರಲ್ಲಿ ಪ್ರಕಟಿಸಿದ ‘ಸ್ಟಿಕ್ ಅಂಡ್ ರಡ್ಡರ್’ ಕೃತಿಯನ್ನು ಹೊಗಳದ ಪೈಲಟ್‌ಗಳು ಕಡಿಮೆ. ಹೊಗಳಿದ ಬೆನ್ನಿಗೇ, ಅದು ಬಾಲಚಕ್ರದ ವಿಮಾನಗಳ ಕಾಲದ್ದು, ಈಗ ಹಳತಾಯಿತು ಎಂಬ ಮಾತೂ ಬರುತ್ತದೆ. ಈ ಮಾತು ತಪ್ಪು. ಸಣ್ಣ ಖಾಸಗಿ ವಿಮಾನಗಳು ಇಳಿಯುವ ಹೊತ್ತಿನಲ್ಲಿ ಪೈಲಟ್ ಎಡವುವುದು ಎಲ್ಲಿ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಪುಸ್ತಕ ಇನ್ನೊಂದಿಲ್ಲ.

ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿಮೀರಿದಾಗ ವಿಮಾನ ಎತ್ತುವ ಬಲ ಕಳೆದುಕೊಂಡು ಸ್ಟಾಲ್ ಆಗುತ್ತದೆ, ವೇಗ ಎಷ್ಟೇ ಇರಲಿ. ಆ ಕೋನ ಪೈಲಟ್ ಕೈಯಲ್ಲಿರುವ ಸ್ಟಿಕ್ಕಿನ ಅಧೀನ. ಪುಸ್ತಕದ ತಿರುಳು ಇದೇ.

ಕೊನೆಯ ತಿರುವನ್ನೇ ನೋಡಿ. ರನ್‌ವೇಗೆ ಅಡ್ಡಲಾಗಿ ಬರುತ್ತಿರುವ ವಿಮಾನ ಅದರ ನೇರಕ್ಕೆ ತಿರುಗಬೇಕು. ನೆಲ ಕೆಲವೇ ನೂರು ಅಡಿ ಕೆಳಗಿದೆ. ಹಿಂದಿನಿಂದ ಗಾಳಿ ತಳ್ಳಿದೆ, ತಿರುವು ತಡವಾಗಿದೆ, ರನ್‌ವೇಯ ಗೆರೆ ದಾಟಿಹೋಗುತ್ತಿದೆ. ಇಷ್ಟು ತಗ್ಗಿನಲ್ಲಿ ಇನ್ನೂ ವಾಲಿಸಲು ಪೈಲಟ್‌ಗೆ ಭಯ. ಒಳಬದಿಯ ರಡ್ಡರ್ ಪೆಡಲ್ ತುಳಿದು ಮೂತಿಯನ್ನು ರನ್‌ವೇ ಕಡೆ ತಿರುಗಿಸುತ್ತಾರೆ. ವಿಮಾನ ಮತ್ತಷ್ಟು ವಾಲುತ್ತದೆ. ಅದನ್ನು ತಡೆಯಲು ರೆಕ್ಕೆಯಂಚಿನ ಐಲೆರಾನನ್ನು ಎದುರು ದಿಕ್ಕಿಗೆ ಕೊಡುತ್ತಾರೆ. ಮೂತಿ ತಗ್ಗುತ್ತದೆ, ಸ್ಟಿಕ್ ಹಿಂದಕ್ಕೆ ಎಳೆಯುತ್ತಾರೆ. ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸ್ಪಿನ್‌ಗೆ, ಅಂದರೆ ಗಿರಕಿ ಹೊಡೆಯುವ ಕುಸಿತಕ್ಕೆ, ಬೀಳುತ್ತದೆ. ಚೇತರಿಸಿಕೊಳ್ಳಲು ಬೇಕಾದಷ್ಟು ಎತ್ತರ ಉಳಿದಿರುವುದಿಲ್ಲ.

ಇದರಲ್ಲಿ ಒಂದೊಂದು ಚಲನೆಯೂ ಆ ಕ್ಷಣಕ್ಕೆ ಎಚ್ಚರಿಕೆಯದೇ ಎನಿಸುತ್ತದೆ. ಲಾಂಗವೀಶೆ ಕೈಹಾಕುವುದು ಈ ಭ್ರಮೆಗೆ. ವಿಮಾನವನ್ನು ತಿರುಗಿಸುವುದು ವಾಲಿದ ರೆಕ್ಕೆ, ರಡ್ಡರ್ ಅಲ್ಲ ಎಂದು ಅವರು ಪಟ್ಟುಹಿಡಿದು ಹೇಳುತ್ತಾರೆ. ಇದು ಮೈಗೂಡಿದ ಪೈಲಟ್‌ನ ಕಾಲು ಆ ಪೆಡಲನ್ನು ಹುಡುಕುವುದಿಲ್ಲ.

ವಾಲಿಕೆ 30 ಡಿಗ್ರಿ ಮೀರಲೇಬಾರದು ಎಂದು ಕಲಿಸುವ ತರಬೇತುದಾರರ ಬಳಿಯೂ ಲೆಕ್ಕವಿದೆ. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಶೇ. 19ರಷ್ಟು, 60 ಡಿಗ್ರಿಯಲ್ಲಿ ಶೇ. 41ರಷ್ಟು ಏರುತ್ತದೆ. ಸ್ಟಾಲ್ ವೇಗದ 1.3 ಪಟ್ಟಿನಲ್ಲಿ ಇಳಿಯುತ್ತಿರುವವರ ಅಂತರ 54 ಡಿಗ್ರಿ ಹೊತ್ತಿಗೆ ಕರಗಿಹೋಗುತ್ತದೆ. ಲೆಕ್ಕ ಸರಿ, ಪಾಠ ಅರ್ಧ. ಕಾರಣ ತಿಳಿಸದೆ ಹೇರಿದ ಮಿತಿಯೇ, ಗೆರೆ ದಾಟಿದ ಗಾಬರಿಯಲ್ಲಿ ಕಾಲನ್ನು ಪೆಡಲ್ ಮೇಲೆ ಒತ್ತಿಸುತ್ತದೆ. ಬಾಲಚಕ್ರದ ಆಕ್ಷೇಪವಂತೂ ನಿಲ್ಲುವುದೇ ಇಲ್ಲ. ಚಕ್ರ ಎಲ್ಲಿದೆ ಎಂಬುದು ನೆಲ ಮುಟ್ಟಿದ ಮೇಲಿನ ಮಾತು.

ಲಾಂಗವೀಶೆ ಎಡವಿದ್ದೂ ಉಂಟು. ರಡ್ಡರ್ ಪೆಡಲ್‌ಗಳೇ ಇಲ್ಲದ ವಿಮಾನದ ಮೇಲೆ ಅವರು ಭರವಸೆ ಇಟ್ಟಿದ್ದರು. ಫ್ರೆಡ್ ವೀಕ್ ರೂಪಿಸಿದ ಎರ್ಕೂಪ್ ಅಂಥದ್ದು, ಸ್ಪಿನ್ ಆಗದಂತೆ, ಮೂತಿ ಏರಿಳಿಸುವ ಎಲಿವೇಟರ್ ಚಲನೆಗೂ ಮಿತಿ ಹಾಕಿದ ವಿಮಾನ. ಆ ದಾರಿ ಮುಂದುವರಿಯಲಿಲ್ಲ. ಇಂದಿನ ಸೆಸ್ನಾ 172ರಲ್ಲೂ ಪೆಡಲ್‌ಗಳಿವೆ. ಹಾರಾಟದ ಅಪಾಯಗಳನ್ನು ಕುರಿತ ಭಾಗ ಬರೆದವರು ಲೇಟನ್ ಕಾಲಿನ್ಸ್ ಎಂಬುದನ್ನೂ ಹೊಗಳುವವರು ನೆನಪಿಡಬೇಕು.

ಪೆಡಲ್‌ಗಳು ಇರುವವರೆಗೂ ಈ ಪುಸ್ತಕ ಬೇಕು. ತರಬೇತಿ ಶಾಲೆಗಳು ಇದನ್ನು ಕಪಾಟಿನಿಂದ ಇಳಿಸಿ, ವಿದ್ಯಾರ್ಥಿ ಮೊದಲ ಸಲ ಒಬ್ಬರೇ ಹಾರುವ ಮುನ್ನ ಓದಿಸಲಿ. ಗೆರೆ ದಾಟಿತೆಂದರೆ ರೆಕ್ಕೆ ಮಟ್ಟಮಾಡಿ, ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು, ಮೇಲೇರಿ ಇನ್ನೊಂದು ಸುತ್ತು ಬರುವುದನ್ನು ಅದರ ಜೊತೆಗೇ ಕಲಿಸಲಿ.