ಗಂಟೆ ಎಣಿಸುವವರು

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು, ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಲು ಮುಂದಾಗಬೇಕು ಎಂದರು. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಮತ್ತು ಜಪಾನ್ ಹಾಗೆಯೇ ಮೇಲೆದ್ದವು ಎಂಬುದು ಅವರು ಕೊಟ್ಟ ಉದಾಹರಣೆ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಆ 70 ಎಂಬುದು 90 ಆಯಿತು. ಭಾನುವಾರವೂ ದುಡಿಸಲಾಗುತ್ತಿಲ್ಲವಲ್ಲ ಎಂಬ ವಿಷಾದದ ಜೊತೆಗೆ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬ ಪ್ರಶ್ನೆಯೂ ಬಂತು. ಆಮೇಲೆ ನಡೆದದ್ದು ನಮಗೆಲ್ಲ ಗೊತ್ತು. ಹೋಟೆಲಿನ ಮೇಜಿನಲ್ಲಿ, ರೈಲಿನ ಬೋಗಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಹೆಂಡತಿಯ ಮುಖದ ಬಗ್ಗೆ ಹುಟ್ಟಿದ ನಗೆಹನಿಗಳನ್ನು ನಾವೂ ನಾಲ್ಕು ಜನರಿಗೆ ಕಳಿಸಿ ನಕ್ಕಿದ್ದೇವೆ.

ಅಭಿಪ್ರಾಯಗಳಿಗೆ ಬರವಿರಲಿಲ್ಲ, ಆದರೆ ವಿಷಯ ತಿಳಿದುಕೊಳ್ಳುವ ತಾಳ್ಮೆ ಯಾರಿಗೂ ಇದ್ದಂತೆ ಕಾಣಲಿಲ್ಲ. ಜರ್ಮನಿಯ ಉದಾಹರಣೆಯನ್ನೇ ನೋಡೋಣ. ಯುದ್ಧಾನಂತರ ಅಲ್ಲಿನ ಜನ ಕಷ್ಟಪಟ್ಟು ದುಡಿದದ್ದು ಸುಳ್ಳಲ್ಲ. ಆದರೆ ಯುದ್ಧ ಮುಗಿದು ಹನ್ನೊಂದೇ ವರ್ಷಕ್ಕೆ, 1956ರಲ್ಲಿ, ಅಲ್ಲಿನ ಕಾರ್ಮಿಕ ಸಂಘಗಳು ವಾರಕ್ಕೆ ಐದು ದಿನದ ದುಡಿಮೆಗಾಗಿ ಚಳವಳಿ ಹೂಡಿದವು. ಶನಿವಾರ ಅಪ್ಪ ತನ್ನ ಜೊತೆಗಿರಬೇಕು ಎಂದು ಪುಟ್ಟ ಮಗು ಕೇಳುವ ಭಿತ್ತಿಪತ್ರ ಆಗ ಪ್ರಸಿದ್ಧವಾಯಿತು. ಅದೇ ವರ್ಷ ಲೋಹ ಉದ್ಯಮದಲ್ಲಿ ವಾರದ ದುಡಿಮೆ 48 ಗಂಟೆಯಿಂದ 45ಕ್ಕೆ ಇಳಿಯಿತು, 1967ರ ಹೊತ್ತಿಗೆ 40ಕ್ಕೆ ಬಂತು. ಅಂದರೆ ಆ ದೇಶ ಶ್ರೀಮಂತವಾಗುತ್ತಿದ್ದ ವರ್ಷಗಳಲ್ಲೇ ಗಂಟೆಗಳು ಇಳಿಯುತ್ತಿದ್ದವು. ಇನ್ನು ಜಪಾನ್. ಅತಿಯಾದ ದುಡಿಮೆಯಿಂದ ಬರುವ ಸಾವಿಗೆ 'ಕರೋಶಿ' ಎಂಬ ಪದವನ್ನೇ ಜಗತ್ತಿಗೆ ಕೊಟ್ಟ ನಾಡು ಅದು. ಅದನ್ನು ತಡೆಯಲು 2014ರಲ್ಲಿ ಕಾನೂನು ಮಾಡಿತು, 2018ರಲ್ಲಿ ಮತ್ತೊಂದು ಕಾನೂನಿನಿಂದ ಓವರ್‌ಟೈಮಿಗೆ ಮಿತಿ ಹಾಕಿತು. ಉದಾಹರಣೆ ಕೊಟ್ಟವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಹೆಚ್ಚು ಗಂಟೆ ದುಡಿದರೆ ಹೆಚ್ಚು ಕೆಲಸವಾಗುತ್ತದೆಯೇ? ಇದು ಊಹಿಸಬೇಕಾದ ವಿಷಯವಲ್ಲ, ಅಳೆದು ನೋಡಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಅವರು ಎಷ್ಟು ಗಂಟೆ ದುಡಿದರು, ಎಷ್ಟು ಸರಕು ತಯಾರಿಸಿದರು ಎಂಬುದನ್ನು ಸರ್ಕಾರದ ಸಮಿತಿಯೊಂದು ಬರೆದಿಟ್ಟಿತ್ತು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಆ ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ವಾರಕ್ಕೆ ಸುಮಾರು 50 ಗಂಟೆಯವರೆಗೆ ದುಡಿಮೆಗೆ ತಕ್ಕಂತೆ ಉತ್ಪಾದನೆ ಏರುತ್ತದೆ. ಅಲ್ಲಿಂದಾಚೆ ಏರಿಕೆ ಕುಗ್ಗುತ್ತಾ ಹೋಗುತ್ತದೆ. 70 ಗಂಟೆಯ ವಾರದ ಉತ್ಪಾದನೆಗೂ 56 ಗಂಟೆಯದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವಾರದ ರಜೆ ತಪ್ಪಿಸಿದಾಗ ಉತ್ಪಾದನೆಗೆ ಪೆಟ್ಟು ಬೀಳುತ್ತಿತ್ತು. ಭಾನುವಾರದ ಬಗ್ಗೆ ವಿಷಾದಪಟ್ಟವರು ಓದಬೇಕಾದ ಭಾಗ ಇದು. ಗುಂಡು ತಯಾರಿಸುವ ಕೆಲಸವೇ ಬೇರೆ, ಕಂಪ್ಯೂಟರ್ ಮುಂದಿನ ಕೆಲಸವೇ ಬೇರೆ ಎಂದು ಯಾರಾದರೂ ಹೇಳಬಹುದು. ಒಪ್ಪೋಣ. ಆದರೆ ತಲೆಯಿಂದ ಮಾಡುವ ಕೆಲಸಕ್ಕೆ ದಣಿವು ಕಡಿಮೆ ಎಂದು ತೋರಿಸುವ ಹೊಣೆ ಅವರದೇ.

ಆರೋಗ್ಯದ ಮಾತಂತೂ ಇನ್ನೂ ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಕೊಟ್ಟ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಮಂದಿ ತೀರಿಕೊಂಡರು.

ನಮ್ಮಲ್ಲಿ 48 ಗಂಟೆಯ ವಾರ ಸುಮ್ಮನೆ ಬಂದದ್ದಲ್ಲ. ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, 1946ರ ತಿದ್ದುಪಡಿಯಿಂದ, ಕಾರ್ಖಾನೆಯ ವಾರ 54ರಿಂದ 48 ಗಂಟೆಗೆ ಇಳಿಯಿತು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಅದು ಸರಿಯಾದ ಕೆಲಸವೇ. ಸ್ವಂತ ಕಂಪನಿ ಕಟ್ಟುವವನ ಎಪ್ಪತ್ತು ಗಂಟೆಯೂ ಸಂಬಳಕ್ಕೆ ದುಡಿಯುವವನ ಎಪ್ಪತ್ತು ಗಂಟೆಯೂ ಒಂದೇ ಅಲ್ಲ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿದೆ.

ನಮ್ಮ ತಕರಾರು ಇರುವುದು ಇಡೀ ಚರ್ಚೆಯ ಬಗ್ಗೆಯೇ. ಪರ ನಿಂತವರಿಗೂ ವಿರೋಧಿಸಿದವರಿಗೂ 'ದುಡಿಮೆ' ಎಂದರೆ ಕೊರಳಲ್ಲಿ ಗುರುತಿನ ಚೀಟಿ ಇದ್ದವರ ದುಡಿಮೆ ಮಾತ್ರ. ಎಪ್ಪತ್ತು ಗಂಟೆ ಕಚೇರಿಯಲ್ಲಿರುವವನ ಬಟ್ಟೆ ಒಗೆಯುವವರು ಯಾರು, ಅವನ ಮಗುವನ್ನು ಶಾಲೆಗೆ ಕಳಿಸುವವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ವಾರಕ್ಕೆ ಗುಣಿಸಿದರೆ ಹೆಂಗಸಿನ ಪಾಲು 33 ಗಂಟೆ ದಾಟುತ್ತದೆ. ಹೆಂಡತಿಯ ಮುಖ ನೋಡುವ ಪ್ರಶ್ನೆಗೆ ನಕ್ಕ ನಾವು, ಆ ಹೊತ್ತಿನಲ್ಲಿ ಅವಳು ಏನು ಮಾಡುತ್ತಿದ್ದಳು ಎಂದು ಕೇಳಲಿಲ್ಲ.

ಕರಾವಳಿಯ ಬೀಡಿ ಕಟ್ಟುವ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಹಿಂದೂ, ಬ್ಯಾರಿ ಮನೆಗಳ ಸಾಲ ತೀರಿದ್ದು, ಮಕ್ಕಳ ಫೀಸು ಕಟ್ಟಿದ್ದು ಈ ದುಡಿಮೆಯಿಂದ. ಎಲೆ ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುರುಳಿ ಮಾಡಿ ತುದಿ ಮಡಚಿ ನೂಲು ಸುತ್ತಬೇಕು. ಬೀಡಿ ಕಾರ್ಮಿಕರಿಗೆಂದೇ 1966ರಲ್ಲಿ ಕಾಯ್ದೆ ಬಂದು ಕೆಲಸದ ಗಂಟೆಗೆ ಮಿತಿ ಹೇಳಿತು. ಮನೆಯ ಜಗಲಿಗೆ ಆ ಗಡಿಯಾರ ಬರಲೇ ಇಲ್ಲ, ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲೇ ಉಳಿಯಿತು. ಅಕ್ಕಿ ಒಲೆಯ ಮೇಲಿಟ್ಟು ಬಂದು ಕೂತವಳು ಅನ್ನ ಬಸಿಯಲು ಎದ್ದು ಹೋಗಿ ಮತ್ತೆ ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಅವಳ ದುಡಿಮೆ ಎಲ್ಲಿ ನಿಂತಿತು, ಎಲ್ಲಿ ಶುರುವಾಯಿತು ಎಂದು ಗುರುತು ಹಾಕುವುದು ಹೇಗೆ? ಆ ಮನೆಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿರಬಹುದು. ಎಪ್ಪತ್ತು ಗಂಟೆಯ ವಿರುದ್ಧ ಅವನು ಫೋನಿನಲ್ಲಿ ಸಿಟ್ಟಿನಿಂದ ಮಾತಾಡುವಾಗ, ತಾಯಿ ಒಂದು ಕೈಯಲ್ಲಿ ಫೋನು ಹಿಡಿಯಲಾಗದೆ ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಕೇಳುತ್ತಿರುತ್ತಾಳೆ. ಸಂಜೆಯೊಳಗೆ ಬ್ರಾಂಚಿಗೆ ಬೀಡಿ ಕೊಡಬೇಕು.