ಕೊಳ್ಳಿದೆವ್ವಕ್ಕೆ ಎಷ್ಟು ಅಂಕ?

ನಮ್ಮ ಸದಸ್ಯರ ಮನೆಗಳ ಹದಿಹರೆಯದ ಮಕ್ಕಳಲ್ಲಿ ಕೆಲವರು ರಜೆ ಬಂತೆಂದರೆ ಊಟದ ಮೇಜಿನ ಸುತ್ತ ಕುಳಿತು, ಹಲವು ಮುಖದ ದಾಳಗಳನ್ನು ಉರುಳಿಸುತ್ತ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಆಟವನ್ನು ಈ ದೇಶದಲ್ಲಿ ಹರಡಿದವರು 1975ರಲ್ಲಿ ಲಂಡನ್ನಿನಲ್ಲೇ ಹುಟ್ಟಿದ ಗೇಮ್ಸ್ ವರ್ಕ್‌ಷಾಪ್‌ನವರು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಗಳಿಗೆಗೆ ಹೊಳೆದ ಮಾತಾಡುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ಹಿರಿಯರಿಗೆ ಇದು ತೀರ ಪರಕೀಯವೆನಿಸಬೇಕಾಗಿಲ್ಲ.

ಈ ಆಟದ ಭೂತಕೋಶ ‘ಮಾನ್‌ಸ್ಟರ್ ಮ್ಯಾನ್ಯುಯಲ್’. ಗ್ಯಾರಿ ಗೈಗ್ಯಾಕ್ಸ್ ಬರೆದದ್ದು, 1977ರಲ್ಲಿ ಬಂದದ್ದು. ಅದರಲ್ಲಿರುವ ಒಂದೇ ಒಂದು ಜೀವಿಯನ್ನು ಇಲ್ಲಿ ಪರಿಶೀಲಿಸುತ್ತೇವೆ: ಜೌಗುನೆಲದ ‘ವಿಲ್-ಓ-ದಿ-ವಿಸ್ಪ್’. ದೂರದಲ್ಲಿ ಮಿನುಗುವ ಬೆಳಕು. ದಾರಿ ತಪ್ಪಿದವನನ್ನು ಕೆಸರಿನೊಳಕ್ಕೆ ಸೆಳೆದು, ಸಾಯುವವನ ಜೀವಸತ್ವವನ್ನು ಹೀರುತ್ತದೆ.

ಓದುಗರೇ, ಇದು ಯಾರೆಂದು ಹೊಳೆಯಿತಲ್ಲವೆ? ನಮ್ಮ ಊರುಗಳ ಕೊಳ್ಳಿದೆವ್ವ! ಕತ್ತಲಲ್ಲಿ ಗದ್ದೆಯಂಚಿಗೆ ಯಾರೋ ದೊಂದಿ ಹಿಡಿದು ನಡೆದಂತೆ ಕಾಣುವ ಅದೇ ಬೆಳಕು. ಕೊಳೆತ ಜೌಗಿನಿಂದ ಏಳುವ ಅನಿಲವೇ ಇದಕ್ಕೆ ಕಾರಣವೆಂಬ ವಿವರಣೆ ಹಳೆಯದು. ವೋಲ್ಟಾ 1776ರಲ್ಲೇ ಜೌಗಿನ ಅನಿಲವನ್ನು ಹಿಡಿದು ಪರೀಕ್ಷಿಸಿದ್ದ. ಅದು ತಾನಾಗಿ ಹೇಗೆ ಹೊತ್ತಿಕೊಳ್ಳುತ್ತದೆಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಗೈಗ್ಯಾಕ್ಸ್ ಕಲ್ಪನೆಯ ಗುಣವೇನೆಂದರೆ, ಇದು ಹಲ್ಲು ಉಗುರುಗಳ ಮೃಗವಲ್ಲ. ಅಪಾಯವಿರುವುದು ಹಿಂಬಾಲಿಸುವವನ ಆಸೆಯಲ್ಲಿ. ದೋಷವಿರುವುದು ಅಂಕಗಳಲ್ಲಿ. ಉಕ್ಕಿನ ಕವಚ, ಗುರಾಣಿ ತೊಟ್ಟ ವೀರನ ರಕ್ಷಣಾಂಕ 2. ಇದರದು ಸೊನ್ನೆಗಿಂತ 8 ಕೆಳಗೆ. ಆ ಕಾಲದ ನಿಯಮದಂತೆ ಅಂಕ ಇಳಿದಷ್ಟೂ ಏಟು ತಾಗುವುದು ಕಷ್ಟ. ಜೊತೆಗೆ ವಿದ್ಯುತ್ತಿನಂಥ ಹೊಡೆತ. ಕೊನೆಗೆ ಪ್ರಾಣಕ್ಕೆ ಬಂದರೆ ತನ್ನ ನೆಲೆ ತೋರಿಸಿ ಗಂಟನ್ನೂ ಒಪ್ಪಿಸಿಬಿಡುತ್ತದೆ! ಇಷ್ಟು ಗೊತ್ತಾದ ಮೇಲೆ ಹುಡುಗರು ಹೆದರುವುದಿಲ್ಲ, ಲೆಕ್ಕ ಹಾಕುತ್ತಾರೆ. 2014ರ ಆವೃತ್ತಿ ಇದನ್ನು ನರಳಿ ಸತ್ತ ದುಷ್ಟರ ಆತ್ಮವೆಂದಿತು. ಕಥೆ ಸ್ವಲ್ಪ ಕೊಳ್ಳಿದೆವ್ವದ ಹತ್ತಿರ ಬಂತು, ಆದರೆ ಅಂಕಗಳ ಕಾಟ ತಪ್ಪಲಿಲ್ಲ.

ಕೊಳ್ಳಿದೆವ್ವದ ಕಥೆಯಲ್ಲಿ ಯಾರೂ ಕತ್ತಿ ಹಿರಿಯುವುದಿಲ್ಲ. ಹಿಂದೆ ಹೋಗದಿರುವುದೇ ಗೆಲುವು. ಆದ್ದರಿಂದ ಸೂತ್ರಧಾರರಾಗುವ ಮಕ್ಕಳಿಗೆ ನಮ್ಮ ಸಲಹೆ: ಭೂತದ ಹೆಸರನ್ನೇ ಹೇಳಬೇಡಿ. “ಮಳೆ ಬಿದ್ದಿದೆ, ದಾರಿ ಕಾಣುತ್ತಿಲ್ಲ, ದೂರದಲ್ಲಿ ಯಾರದೋ ಮನೆಯ ದೀಪ” ಎಂದಷ್ಟೇ ಹೇಳಿ ಸುಮ್ಮನಾಗಿ. ಜೌಗು ಹೇಗಿರುತ್ತದೆಂದು ತಿಳಿಯಲು ಹ್ಯಾಕ್ನಿಗೆ ಹೋದರೆ ಸಿಗುವುದು ಫುಟ್‌ಬಾಲ್ ಮೈದಾನಗಳು. ಸಂಜೆ ಹೊತ್ತು ರೇನ್‌ಹ್ಯಾಮ್ ಕಡೆ ಹೋಗಿ ನೋಡಿ.

ಹಿರಿಯರಿಗೂ ಒಂದು ಮಾತು. ಅಜ್ಜಿ ಹೇಳಿದರೆ ಮೂಢನಂಬಿಕೆ, ದುಬಾರಿ ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾದರೆ ಕಲ್ಪನಾಶಕ್ತಿ — ಈ ತಾರತಮ್ಯ ನ್ಯಾಯವೆ? ನಂಬಿಸುವುದಕ್ಕಲ್ಲ, ಕಥೆಯಾಗಿಯಾದರೂ ಅದನ್ನು ಹೇಳದೆ ಬಿಟ್ಟರೆ ನಮ್ಮ ಮಕ್ಕಳು ವಿಲ್-ಓ-ದಿ-ವಿಸ್ಪನ್ನು ಬಲ್ಲವರಾಗಿ, ಕೊಳ್ಳಿದೆವ್ವವನ್ನು ಅರಿಯದವರಾಗಿ ಬೆಳೆಯುತ್ತಾರೆ. ನಷ್ಟ ಆಟಕ್ಕಲ್ಲ, ನಮಗೆ.

1981ರ ‘ಫೀಂಡ್ ಫೋಲಿಯೊ’ದ ಬಹುಪಾಲು ಭೂತಗಳು ಮೊದಲು ‘ವೈಟ್ ಡ್ವಾರ್ಫ್’ ಪತ್ರಿಕೆಗೆಂದು ಇಲ್ಲಿಯ ಸಾಮಾನ್ಯ ಓದುಗರು ಬರೆದು ಕಳಿಸಿದವು. ನಮ್ಮ ಮಕ್ಕಳೇಕೆ ಬರೆಯಬಾರದು? ಊರಿಗೆ ಫೋನ್ ಮಾಡಿದಾಗ ಅಜ್ಜ-ಅಜ್ಜಿಯರನ್ನು ಕೇಳಿ, ಒಂದು ಪುಟ ಬರೆದು ಕಳಿಸಲಿ; ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಅಂಕಗಳು ಬೇಡ.